ನಡು ಜಾಗದ ರೊಕ್ಕ

ಶಹಾಪುರದಿಂದ ಸುರಪುರಕ್ಕೆ ದಿನಾ ಓಡಾಡುವ ನೌಕರರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಮನಿಸಿ. ಬಸ್ಸು ಪೂರ್ತಿ ಖಾಲಿ ಇದ್ದರೂ ಡ್ರೈವರ್ ಕಡೆಯ ಸಾಲಿಗೇ ಟವೆಲ್ಲು, ಬುತ್ತಿ ಚೀಲ ಬೀಳುತ್ತವೆ. ರಸ್ತೆ ದಕ್ಷಿಣಕ್ಕೆ ಹೋಗುವುದರಿಂದ ಬೆಳಗಿನ ಬಿಸಿಲು ಎಡಗಡೆ. ಸಂಜೆ ಮರಳುವಾಗ ಬಸ್ಸಿನ ಮುಖ ಉತ್ತರಕ್ಕೆ, ಪಡುವಣದ ಬಿಸಿಲು ಮತ್ತೆ ಎಡಗಡೆಯೇ. ಹೋಗುವಾಗಲೂ ಬರುವಾಗಲೂ ನೆರಳು ಡ್ರೈವರ್ ಕಡೆ. ಇದನ್ನು ಯಾರಿಗೂ ಯಾರೂ ಹೇಳಿಕೊಟ್ಟಿಲ್ಲ. ಯಾದಗಿರಿ ಜಿಲ್ಲೆಯ ಏಪ್ರಿಲ್ ತಿಂಗಳು ಹೇಳಿಕೊಟ್ಟಿದೆ. ಟಿಕೆಟ್ ಎರಡೂ ಕಡೆ ಒಂದೇ.

ಬ್ಯಾಂಕಿನ ಸುರಪುರ ಶಾಖೆಯಲ್ಲಿದ್ದಾಗ ನಾನೂ ಆರು ವರ್ಷ ಹಾಗೆ ಟವೆಲ್ ಒಗೆದವನೇ. ಈಗ ನಿವೃತ್ತ, ವಯಸ್ಸು 62. ಮುಂಬೈಯಲ್ಲಿರುವ ಮಗಳು, ಅಳಿಯ ಸೇರಿ ನಮ್ಮ ಮದುವೆಯ 35ನೇ ವರ್ಷಕ್ಕೆ ಹಡಗಿನ ಪ್ರವಾಸ ಇಟ್ಟುಕೊಂಡರು. ಮುಂಬೈಯಿಂದ ಗೋವಾ, ಗೋವಾದಿಂದ ಮುಂಬೈ, ಮೂರು ರಾತ್ರಿ, ಡಿಸೆಂಬರ್‌ನಲ್ಲಿ. ಖರ್ಚು ನಮ್ಮದು ನಾವೇ ಕೊಡುವುದು ಎಂದು ನಾನು ಮೊದಲೇ ಹೇಳಿದ್ದೆ. ಹಾಗೆ ಹೇಳಿದ ಮೇಲೆ ಕೋಣೆ ಆರಿಸುವ ಹಕ್ಕೂ ನಮ್ಮದಾಯಿತು.

ಆ ದಿನ ನಮಗೆ ತೋರಿಸಿದ ದರ ಹೀಗಿತ್ತು. ಕಿಟಕಿಯೇ ಇಲ್ಲದ ಒಳಕೋಣೆ ಇಬ್ಬರಿಗೆ 58 ಸಾವಿರ. ಸಮುದ್ರ ಕಾಣುವ ಕಿಟಕಿ ಬೇಕಾದರೆ 9 ಸಾವಿರ ಹೆಚ್ಚು. ಬಾಲ್ಕನಿ ಬೇಕಾದರೆ 64 ಸಾವಿರ ಹೆಚ್ಚು.

‘ಬಾಲ್ಕನಿನೇ ತಗೊಳ್ರಿ ಮಾಮಾ, ಮತ್ತ ಮತ್ತ ಹೋಗ್ತೀವೇನು?’ ಎಂದರು ಅಳಿಯಂದಿರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಾಲದ ಅರ್ಜಿ ನೋಡಿದವನಾಗಿ ಹೇಳುತ್ತೇನೆ, ನಮ್ಮ ಕಡೆ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ. ಮದುವೆಗೆ ಎರಡು ಎಕರೆ ಹತ್ತಿ ಹೊಲ ಒತ್ತೆ ಇಟ್ಟವರೆಲ್ಲ ನನ್ನ ಟೇಬಲ್ ಮುಂದೆ ಕುಳಿತು ಆಡಿದ ಮಾತು ಇದೇ.

ನಾನು ಲೆಕ್ಕ ಹಾಕಿದೆ. ನಿದ್ದೆ ಬಿಟ್ಟರೆ ಕೋಣೆಯಲ್ಲಿ ಇರುವುದು ದಿನಕ್ಕೆ ಎರಡು ತಾಸು. ಮೂರು ದಿನಕ್ಕೆ ಆರು. 64 ಸಾವಿರವನ್ನು ಆರರಿಂದ ಭಾಗಿಸಿದರೆ ತಾಸಿಗೆ ಹತ್ತು ಸಾವಿರಕ್ಕೂ ಮೇಲೆ. ಅದೇ ಸಮುದ್ರ ಮೇಲಿನ ಡೆಕ್ಕಿನಲ್ಲಿ ಪುಗಸಟ್ಟೆ, ಕುರ್ಚಿ ಸಮೇತ. ಹಾಗಾದರೆ ಕೋಣೆಗೆ ಕೊಡುವ ರೊಕ್ಕ ನಿಜವಾಗಿ ನಿದ್ದೆಗೆ ಕೊಡುವ ರೊಕ್ಕ. ನಿದ್ದೆ ಚೆನ್ನಾಗಿ ಬರುವುದು ಎಲ್ಲಿ?

ಇದಕ್ಕೆ ಉತ್ತರ ನನಗೆ ಹಡಗು ಹತ್ತುವ ಎಷ್ಟೋ ವರ್ಷ ಮೊದಲೇ ಸುರಪುರ–ಬೆಂಗಳೂರು ರಾತ್ರಿ ಬಸ್ಸಿನಲ್ಲಿ ಸಿಕ್ಕಿತ್ತು. ಮಗಳ ಇಂಜಿನಿಯರಿಂಗ್ ಸೀಟಿನ ಕೌನ್ಸೆಲಿಂಗ್‌ಗೆ ಹೊರಟಿದ್ದೆವು. ಖಾಸಗಿ ಸ್ಲೀಪರ್ ಬಸ್ಸುಗಳಲ್ಲಿ ಒಂದೇ ಬಸ್ಸಿನ ಬರ್ತುಗಳಿಗೆ ಬೇರೆ ಬೇರೆ ದರ ಇರುವುದುಂಟು. ಕೆಳಗಿನ ಒಂಟಿ ಬರ್ತ್ ತುಟ್ಟಿ, ಕಟ್ಟಕಡೆಯ ಸಾಲಿನ ಮೇಲಿನದು ಸೋವಿ. ಮಗಳಿಗೆ ನಡುವಿನದು ಕೊಡಿಸಿ ನಾನು 250 ರೂಪಾಯಿ ಉಳಿಸಲು ಹಿಂದೆ ಹೋಗಿ ಮಲಗಿದೆ. ಲಿಂಗಸುಗೂರು ದಾಟುವಷ್ಟರಲ್ಲಿ ಹಂಪುಗಳನ್ನೆಲ್ಲ ಬೆನ್ನಿನಲ್ಲಿ ಎಣಿಸಿದ್ದೆ. ಮುಂದಿನ ಗಾಲಿ ಹಂಪು ಹತ್ತಿದ್ದು ಗೊತ್ತೇ ಆಗುತ್ತಿರಲಿಲ್ಲ. ಹಿಂದಿನದು ಹತ್ತಿದಾಗ ಮಾತ್ರ ಮೈ ಅರ್ಧ ಗೇಣು ಮೇಲೆದ್ದು, ಇಳಿಯುವಾಗ ಬರ್ತ್ ನನಗಿಂತ ಮೊದಲೇ ಕೆಳಗೆ ಹೋಗಿರುತ್ತಿತ್ತು. ಬೆಂಗಳೂರಿನಲ್ಲಿ ವೈದ್ಯರಿಗೆ, ಗುಳಿಗೆಗೆ, ಸೊಂಟದ ಬೆಲ್ಟಿಗೆ ಸೇರಿ 1,800 ರೂಪಾಯಿ.

ಎತ್ತಿನ ಬಂಡಿಯಲ್ಲಿ ಕುಳಿತವರಿಗೆ ಇದರಲ್ಲಿ ಹೊಸದೇನಿಲ್ಲ. ಅಚ್ಚಿನ ಹಿಂದೆ ಕುಳಿತವನಿಗೆ ಪೆಟ್ಟು ಜಾಸ್ತಿ. ಬಸ್ಸಿನಲ್ಲಿ ಎರಡು ಅಚ್ಚುಗಳ ನಡುವೆ, ಕೆಳಗೆ ಮಲಗಿದವನು ಗೆದ್ದ. ಕೃಷ್ಣೆಯಲ್ಲಿ ತಿಂಥಣಿ ಕಡೆ ಹರಿಗೋಲು ಹತ್ತಿದಾಗ ಅಂಬಿಗ ಮಕ್ಕಳನ್ನೆಲ್ಲ ನಡುವೆ ಕುಕ್ಕರಗಾಲಲ್ಲಿ ಕೂಡಿಸುತ್ತಿದ್ದದ್ದು ನೆನಪಿದೆ. ಎದ್ದು ನಿಂತರೆ ಬೈಗುಳ. ಕೆಳಗೆ ಇರು, ನಡುವೆ ಇರು.

ಹಡಗು ಎಷ್ಟೇ ದೊಡ್ಡದಿದ್ದರೂ ಈ ಮಾತಿಗೆ ಹೊರತಲ್ಲ. ಅಲೆ ಬಂದಾಗ ಮೂತಿ ಏಳುತ್ತದೆ, ಬಾಲ ಇಳಿಯುತ್ತದೆ, ನಡುಭಾಗ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಪಕ್ಕಕ್ಕೆ ವಾಲುವಾಗ ಮೇಲಿನ ಮಹಡಿಯವರು ದೂರ ತೂಗುತ್ತಾರೆ, ಕೆಳಗಿನವರು ಕಡಿಮೆ. ಹಾಗಿದ್ದೂ ಹೆಚ್ಚಿನ ಹಡಗುಗಳಲ್ಲಿ ಮೇಲೆ ಹೋದಷ್ಟೂ ದರ ಏರುತ್ತದೆ. ಹೊಟ್ಟೆ ತೊಳಸುವ ಜಾಗಕ್ಕೆ ಹೆಚ್ಚು ರೊಕ್ಕ ಕೊಡುವುದು ಹಡಗಿನಲ್ಲಿ ಮಾತ್ರ ಇರಬೇಕು!

ಮಗಳು ಕಳಿಸಿದ ಡೆಕ್ ನಕ್ಷೆಯನ್ನು ಶಹಾಪುರದ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗಳ ಮೇಲೆ ತೆಗೆಸಿದೆ. ಅಂಗಡಿ ಹುಡುಗ ‘ಸರ್, ಯಾವ ಲೇಔಟ್ ರೀ ಇದು? ಸೈಟ್ ಎಷ್ಟರಂಗ ಕೊಡಾಕತ್ತಾರ?’ ಎಂದು ಕೇಳಿದ. ಅವನು ಕೇಳಿದ್ದು ಸರಿಯೇ ಇತ್ತು. ಹಾಳೆಗಳನ್ನು ಮಂಚದ ಮೇಲೆ ಹರಡಿ, ಸೀಸದ ಕಡ್ಡಿ ಹಿಡಿದು, ಬ್ಯಾಂಕಿನಲ್ಲಿ ಒತ್ತೆ ಪತ್ರದ ಚೆಕ್ಕುಬಂದಿ ನೋಡುತ್ತಿದ್ದ ಹಾಗೆ ನೋಡಿದೆ. ಹೊಲಕ್ಕೆ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ನೋಡುತ್ತೇವೆ. ಹಡಗಿನ ಕೋಣೆಗೆ ಮೇಲೆ ಯಾರು, ಕೆಳಗೆ ಯಾರು ಎಂದೂ ನೋಡಬೇಕು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಕೆಳಗೆ ಕುಣಿತದ ಹಾಲ್ ಇದ್ದರೆ ನಡುರಾತ್ರಿಯವರೆಗೆ ಢಂ ಢಂ. ಮೂತಿಯ ಹತ್ತಿರ ಲಂಗರು ಸರಪಳಿ, ಬಾಲದ ಹತ್ತಿರ ಪಂಖದ ನಡುಕ. ಪಕ್ಕದ ಕೋಣೆಗೆ ನಡುವೆ ಬಾಗಿಲಿದ್ದರೆ ಅವರ ಮನೆಯ ಜಗಳವೂ ನಿಮ್ಮದೇ. ಮೇಲೂ ಕೋಣೆ, ಕೆಳಗೂ ಕೋಣೆ, ಲಿಫ್ಟಿಗೆ ಹತ್ತಿರ ಆದರೆ ಬಾಗಿಲಿಗೆ ಬಾಗಿಲಲ್ಲ. ಅಂಥ ಒಂದು ಒಳಕೋಣೆ ನಡುಭಾಗದಲ್ಲಿ ಸಿಕ್ಕಿತು, ಕೆಳಗಿನ ಡೆಕ್ಕಿನಲ್ಲಿ. ಸುತ್ತ ಗೆರೆ ಎಳೆದೆ.

ನಂಬರು ನಾವೇ ಆರಿಸಿಕೊಳ್ಳಲು 2 ಸಾವಿರ ಬೇರೆ. ಅವರೇ ಯಾವುದೋ ಒಂದು ಕೊಡಲಿ ಎಂದರೆ ಆ 2 ಸಾವಿರ ಉಳಿತಾಯ. ದರ್ಜೆ ಖಾತ್ರಿ, ಜಾಗ ಅವರ ಮರ್ಜಿ. ಹರೆಯದವರಿಗೆ ಅದು ಒಳ್ಳೆಯ ವ್ಯವಹಾರ. ಸೊಂಟಕ್ಕೆ ಬೆಲ್ಟ್ ಕಟ್ಟಿಸಿಕೊಂಡವನಿಗಲ್ಲ. ಕೊಟ್ಟೆ. ತೋರಿಸಿದ ದರದ ಮೇಲೆ ಜಿಎಸ್‌ಟಿ, ಬಂದರು ಶುಲ್ಕ, ತಲೆಗೆ ರಾತ್ರಿಗಿಷ್ಟು ಎಂದು ಸೇವಾ ಶುಲ್ಕ ಕೂಡುತ್ತವೆ ಎನ್ನುವುದನ್ನೂ ಬರೆದಿಟ್ಟುಕೊಳ್ಳಿ. ಅಂತಿಮ ಮೊತ್ತ ಕಾಣುವ ಪುಟದವರೆಗೆ ಹೋಗದೆ ದರ ಹೋಲಿಸಬಾರದು.

ಅಳಿಯಂದಿರು ತಮಗೆ ಬಾಲ್ಕನಿ ಕೋಣೆಯನ್ನೇ ತೆಗೆದುಕೊಂಡರು. ಮೇಲಿನ ಡೆಕ್, ಮೂತಿಯ ಕಡೆ.

ಮುಂಬೈಗೆ ಹೋಗುವ ರೈಲಿನ ಟಿಕೆಟ್ಟಿನಲ್ಲಿ ಒಂದು ಎಡವಟ್ಟಾಯಿತು, ಅದು ನಿಮಗೂ ಉಪಯೋಗ. ಶಹಾಪುರ, ಸುರಪುರಕ್ಕೆ ರೈಲಿಲ್ಲ. ಯಾದಗಿರಿಗೆ ಬಂದೇ ಹತ್ತಬೇಕು. ಹಿರಿಯರ ರಿಯಾಯಿತಿ, ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಇದ್ದದ್ದು, 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಆದರೆ ಕೆಳಗಿನ ಬರ್ತಿನ ಕೋಟಾ ಉಳಿದಿದೆ: 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ರೈಲಿನಲ್ಲಿ ಕೆಳಗಿನದಕ್ಕೂ ಮೇಲಿನದಕ್ಕೂ ದರ ಒಂದೇ, ಹೀಗಾಗಿ ಈ ಕೋಟಾ ಎಂದರೆ ಕೈಗೆ ಸಿಕ್ಕ ರೊಕ್ಕವೇ. ಮಗಳು ಮಾಡಿದ್ದೇನು? ನಮ್ಮ ಜೊತೆಗೆ ಬರುತ್ತಿದ್ದ ತಮ್ಮನ ಮಗನನ್ನೂ ಒಂದೇ ಟಿಕೆಟ್ಟಿಗೆ ಸೇರಿಸಿದಳು. ಹರೆಯದವರು ಅದೇ ಟಿಕೆಟ್ಟಿನಲ್ಲಿದ್ದರೆ ಆ ಕೋಟಾ ಸಿಗುವುದಿಲ್ಲ. ನನಗೆ ಮೇಲಿನದು, ನಮ್ಮ ಮನೆಯವರಿಗೆ ನಡುವಿನದು. ಇಬ್ಬರು ಹಿರಿಯರದು ಬೇರೆ, ಉಳಿದವರದು ಬೇರೆ ಟಿಕೆಟ್ ಮಾಡಿಸಿ.

ಹಡಗು ಹತ್ತುವ ಮುನ್ನ ಬಲ್ಲಾರ್ಡ್ ಪಿಯರ್‌ನ ಸಾಲಿನಲ್ಲಿ ನಿಂತಾಗ ನನಗೆ ಸುರಪುರದ ಟೇಲರ್ ಮಂಜಿಲ್ ಬಂಗಲೆ ನೆನಪಾಯಿತು. ಅದನ್ನು ಕಟ್ಟಿಸಿದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ 1824ರಲ್ಲಿ, ಹದಿನೈದರ ಹುಡುಗ, ಇದೇ ಮುಂಬೈಗೆ ಹಡಗಿನಲ್ಲಿ ಬಂದಿಳಿದ. ಸೂಯೆಜ್ ಕಾಲುವೆ ಇನ್ನೂ ಇರಲಿಲ್ಲ. ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಪ್ರಯಾಣ. 1841ರಲ್ಲಿ ಸುರಪುರಕ್ಕೆ ಬಂದ. ಮುಂದೆ ಉಗಿಹಡಗಿನ ಕಾಲದ ಬಿಳಿ ಸಾಹೇಬರು ಭಾರತಕ್ಕೆ ಬರುವಾಗ ಎಡಗಡೆಯ ಕೋಣೆ, ಮರಳುವಾಗ ಬಲಗಡೆಯ ಕೋಣೆ ಹಿಡಿಯುತ್ತಿದ್ದರು, ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳು ಸೇರಿ ‘ಪಾಷ್’ ಎಂಬ ಇಂಗ್ಲಿಷ್ ಪದ ಹುಟ್ಟಿದ್ದು ಅದರಿಂದಲೇ ಎಂದು ಒಂದು ಕಥೆ ಇದೆ. ನಿಘಂಟಿನವರು ಒಪ್ಪುವುದಿಲ್ಲ; ಹಾಗೆ ಅಚ್ಚಾದ ಒಂದು ಟಿಕೆಟ್ಟೂ ಸಿಕ್ಕಿಲ್ಲವಂತೆ. ಪದದ ಮಾತು ಏನಾದರೂ ಇರಲಿ, ನೆರಳಿನ ಲೆಕ್ಕ ಮಾತ್ರ ನಮ್ಮ ಬಸ್ಸಿನ ಟವೆಲ್ಲಿನದೇ.

ಮೊದಲ ರಾತ್ರಿ ಹಾಸಿಗೆಯಲ್ಲಿ ಮಲಗಿದರೆ ಹಡಗು ಹೊರಟಿದೆಯೋ ಇಲ್ಲವೋ ಎಂದೇ ತಿಳಿಯಲಿಲ್ಲ. ನನ್ನ ಚೆಕ್ಕುಬಂದಿಯ ಬಗ್ಗೆ ನನಗೇ ಹೆಮ್ಮೆ. ಎಷ್ಟು ಹೊತ್ತಿಗೋ ದೀಪ ಹತ್ತಿತು. ನಮ್ಮ ಮನೆಯವರು ಸ್ನಾನ ಮುಗಿಸಿ, ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ನಿಂತಿದ್ದರು. ‘ಏಳ್ರೀ, ಬೆಳಗಾಗ್ಯದ.’ ಗಡಿಯಾರ ನೋಡಿದೆ. ಎರಡೂವರೆ.

ಮರುದಿನ ತದ್ವಿರುದ್ಧ. 35 ವರ್ಷದಲ್ಲಿ ಮೊದಲ ಸಲ ಅವರು ಎಂಟೂವರೆಗೆ ಎದ್ದರು, ಎದ್ದವರೇ ಅಳುವ ಹಾಗಾದರು. ಮನೆಯಲ್ಲಿ ಐದಕ್ಕೆ ಬಾಗಿಲು ತೆಗೆದು, ಕಸ ಹೊಡೆದು, ನೀರು ಹಾಕುವವರು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡದ ಮೂಗಿನ ಮೇಲೆ ಬೆಳಕು ಬೀಳುವುದನ್ನು ನೋಡಿಯೇ ಚಹಾಕ್ಕೆ ಇಡುವವರು. ‘ಗವಿಯಾಗ ಇಟ್ಟಂಗ ಇಟ್ಟೀರಿ ನನ್ನ’ ಎಂದರು. ಅವರು ಬೇಡಿದ್ದು ಸಮುದ್ರವನ್ನಲ್ಲ. ಹಗಲು ಯಾವುದು, ರಾತ್ರಿ ಯಾವುದು ತಿಳಿದರೆ ಸಾಕಿತ್ತು. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೂರನೇ ರಾತ್ರಿ ಮುಂಬೈ ಕಡೆ ಮರಳುವಾಗ ಎದುರುಗಾಳಿ ಎದ್ದಿತು. ನಮ್ಮ ಕೋಣೆಯಲ್ಲಿ ನೀರಿನ ಲೋಟ ಅಲುಗಲಿಲ್ಲ. ಒಂದೂವರೆಗೆ ಬಾಗಿಲು ಬಡಿದ ಸದ್ದು. ಮಗಳು, ಮುಖ ಸುಣ್ಣವಾಗಿತ್ತು. ಏನೂ ಮಾತಾಡದೆ ಬಂದು ತಾಯಿಯ ಪಕ್ಕ ಮಲಗಿದಳು. ಅಳಿಯಂದಿರು ಸಂಕೋಚಕ್ಕೆ ಬಾಲ್ಕನಿ ಕೋಣೆಯಲ್ಲೇ ಉಳಿದರು. ಬೆಳಿಗ್ಗೆ ಅವರನ್ನು ನೋಡಿದಾಗ 64 ಸಾವಿರದ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಊರಿಗೆ ಬಂದ ಮೇಲೆ ಝೆರಾಕ್ಸ್ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ನಾನು ಗೆರೆ ಎಳೆದ ಕೋಣೆಗಿಂತ ಎರಡು ಡೆಕ್ ಮೇಲೆ, ಅದೇ ನಡುಭಾಗದಲ್ಲಿ, ಹೊರಗೋಡೆಗೆ ಒಂದು ಸಾಲು ಕೋಣೆಗಳ ಮೇಲೆ ಸಣ್ಣ ತ್ರಿಕೋನ ಗುರುತು ಇತ್ತು. ಕಿಟಕಿ ಇದೆ, ಆದರೆ ಎದುರಿಗೆ ಜೀವರಕ್ಷಕ ದೋಣಿ ತೂಗುಹಾಕಿದ್ದರಿಂದ ನೋಟಕ್ಕೆ ಅಡ್ಡಿ ಎಂದು ಅದರ ಅರ್ಥ. ಅಂಥವಕ್ಕೆ ದರ ಕಿಟಕಿ ಕೋಣೆಗಿಂತ ಕಡಿಮೆ; ಒಳಕೋಣೆಗಿಂತ ನಮಗೆ 3 ಸಾವಿರವಷ್ಟೇ ಹೆಚ್ಚು ಆಗುತ್ತಿತ್ತು. ದೋಣಿ ನೋಡಲು ಯಾರು ರೊಕ್ಕ ಕೊಡುತ್ತಾರೆ ಎಂದು ನಗುತ್ತ ದಾಟಿದ್ದೆ. ದೋಣಿ ಅಡ್ಡವಿದ್ದರೂ ಅದರ ಸಂದಿಯಿಂದ ಬೆಳಕು ಬರುತ್ತದಲ್ಲ! ಅದೇ ನಮಗೆ ಸರಿಯಾದ ಕೋಣೆ. ರಾತ್ರಿಗೆ ಒಂದು ಸಾವಿರ, ಬೆಳಗಾದದ್ದು ತಿಳಿಯಲು. ಆ ಮೂರು ಸಾವಿರ ಉಳಿಸಿದ್ದನ್ನು ನನ್ನ ಡೈರಿಯಲ್ಲಿ ಈಗ ನಷ್ಟದ ಕಡೆಗೆ ಬರೆದಿದ್ದೇನೆ.

ಹೇಳುವುದು ಮರೆತೆ. ಮುಂಬೈಯಿಂದ ರಾತ್ರಿ ರೈಲಿನಲ್ಲಿ ಹೊರಟು ಬೆಳಿಗ್ಗೆ ಯಾದಗಿರಿಯಲ್ಲಿ ಇಳಿದು ಶಹಾಪುರದ ಬಸ್ಸು ಹಿಡಿದೆವು. ನಾನು ಅಭ್ಯಾಸದಂತೆ ನೆರಳಿನ ಕಡೆ, ಎರಡು ಗಾಲಿಗಳ ನಡುವಿನ ಸೀಟಿಗೆ ಟವೆಲ್ ಹಾಕಿದೆ. ನಮ್ಮ ಮನೆಯವರು ಎದುರಿನ ಸಾಲಿನ ಕಿಟಕಿಗೆ ಹೋಗಿ ಕುಳಿತರು. ಭೀಮಾ ಸೇತುವೆ ಬರುವಷ್ಟರಲ್ಲಿ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತಿತ್ತು.

‘ಬಿಸಲು ಬೀಳಾಕತ್ತದ, ಈ ಕಡಿ ಬರ್ರಿ’ ಎಂದೆ.

‘ಬೀಳ್ಲಿ ಬಿಡ್ರಿ’ ಎಂದರು.