ಕಡಲಂಚಿನ ಹಿತ್ತಲಿನಲ್ಲಿ ಮಾದರಿ ರೈಲು

ಹಿತ್ತಲಿನಲ್ಲಿ ಓಡಿಸುವ ಮಾದರಿ ರೈಲಿಗೆ ಹೆಚ್ಚಾಗಿ ಬಳಸುವುದು 45 ಮಿ.ಮೀ. ಅಗಲದ ಹಳಿ. 1:22.5 ಪ್ರಮಾಣದಲ್ಲಿ ಇದು ಮೀಟರ್ ಗೇಜಿಗೆ ಸರಿಹೊಂದುತ್ತದೆ. 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮಾರ್ಗ ಮೊದಲಿಗೆ ಮೀಟರ್ ಗೇಜೇ ಆಗಿದ್ದರಿಂದ ಅದರ ಮಾದರಿ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಕುಂದಾಪುರದ ಮೂಲಕ ಹಾಯುವ ಕೊಂಕಣ ರೈಲ್ವೆ 1,676 ಮಿ.ಮೀ.ನ ಬ್ರಾಡ್ ಗೇಜ್; ಅದನ್ನು ಇದೇ ಹಳಿಗೆ ಇಳಿಸಲು ಪ್ರಮಾಣ ಸುಮಾರು 1:37 ಆಗಬೇಕು.

ಬೀಜಾಡಿಯಂಥ ಕಡಲಂಚಿನ ಊರಿನಲ್ಲಿ ನಿಜವಾದ ತೊಡಕು ಹೊಯ್ಗೆ ನೆಲ ಮತ್ತು ಉಪ್ಪುಗಾಳಿಯದು. ಹೊಯ್ಗೆಯ ಮೇಲೆ ನೇರವಾಗಿ ಹಾಸಿದ ಹಳಿ ಜೋರು ಮಳೆಗೆ ಕುಸಿಯುತ್ತದೆ. ಕೆಂಪುಕಲ್ಲಿನ ಸಾಲು ಕಟ್ಟಿ, ಮೇಲೆ ಸಣ್ಣ ಜಲ್ಲಿ ಹರಡಿ ಹಳಿ ಕೂರಿಸುವುದು ಉತ್ತಮ. ನಡುನಡುವೆ ನೀರು ಹರಿಯಲು ಕಂಡಿ ಬಿಡಬೇಕು. ಕಬ್ಬಿಣದ ಹಳಿ ಬೇಡವೇ ಬೇಡ. ಹಿತ್ತಾಳೆ ಬಾಳಿಕೆ ಬಂದರೂ ಕಿಲುಬು ಕಟ್ಟಿ ವಿದ್ಯುತ್ ಸಂಪರ್ಕ ತಪ್ಪಿಸುತ್ತದೆ. ಆದ್ದರಿಂದ ಬ್ಯಾಟರಿ ಹೊತ್ತು ರಿಮೋಟಿನಲ್ಲಿ ಓಡುವ ಎಂಜಿನ್ನೇ ಇಲ್ಲಿಗೆ ತಕ್ಕದ್ದು. ಹಳಿಯ ಕಾವು 30 ಡಿಗ್ರಿ ಸೆಲ್ಸಿಯಸ್ ಏರಿದರೆ 10 ಮೀಟರ್ ಹಿತ್ತಾಳೆ ಸುಮಾರು 6 ಮಿ.ಮೀ. ಹಿಗ್ಗುವುದರಿಂದ ಜೋಡಣೆಗಳಲ್ಲಿ ಸಂದು ಅಗತ್ಯ.

ಏರು 50ಕ್ಕೆ 1ನ್ನು ಮೀರದಿರಲಿ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಯ ಏರೂ ಅಷ್ಟೇ. ತೆಂಗಿನ ಮರದ ಕೆಳಗೆ ಹಳಿ ಸಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಜಿನ್, ಬೋಗಿಗಳನ್ನು ಒಳಗಿಟ್ಟು, ಮಳೆ ನಿಂತ ಮೇಲೆ ಮಟ್ಟ ನೋಡಿ ಜಲ್ಲಿ ತುಂಬಬೇಕು.