ಹೊರಗೆ ಕಳುಹಿಸಿದವರೇ ತೀರ್ಪುಗಾರರಾದಾಗ



ಟಿ.ವಿ. ಮುಂದೆ ಕುಳಿತ ಮನೆಮಂದಿಯಲ್ಲಿ ಒಂದು ತಕರಾರು ಹುಟ್ಟುವುದನ್ನು ನೀವು ಕೇಳಿಯೇ ಇರುತ್ತೀರಿ. "ಇಷ್ಟು ದಿನ ಜೊತೆಯಲ್ಲೇ ಉಂಡು, ಕೊನೆಗೆ ಅವಳ ಹೆಸರನ್ನೇ ಹೇಳಿಬಿಟ್ಟನಲ್ಲ!" ಎಂದು ತಾಯಿ ಸಿಡುಕುತ್ತಾರೆ. "ಅಮ್ಮಾ, ಅದು ಆಟ, ಆಟದಲ್ಲಿ ಹಾಗೇ" ಎಂದು ಮಗ ನಗುತ್ತಾನೆ. ಇಬ್ಬರಲ್ಲಿ ಯಾರು ಸರಿ? ಈ ಪ್ರಶ್ನೆಯನ್ನು ಅವಸರದಲ್ಲಿ ಬದಿಗೆ ಸರಿಸಬಾರದು. ಕೊಟ್ಟ ಮಾತು ಎಲ್ಲಿಯವರೆಗೆ ನಮ್ಮನ್ನು ಕಟ್ಟಿಹಾಕುತ್ತದೆ ಎಂಬುದನ್ನು ನಮ್ಮ ಮಕ್ಕಳು ಈ ಪರದೆಯ ಮುಂದೆಯೂ ಕಲಿಯುತ್ತಿದ್ದಾರೆ. ಆದ್ದರಿಂದ ಇಂಥ ಆಟಗಳಲ್ಲಿ ಬಹಳ ಹೆಸರು ಮಾಡಿದ ಒಂದನ್ನು ಹತ್ತಿರದಿಂದ ನೋಡೋಣ.

ಅಮೆರಿಕದ ಸಿ.ಬಿ.ಎಸ್. ವಾಹಿನಿಯಲ್ಲಿ 'ಸರ್ವೈವರ್' ಎಂಬ ಸ್ಪರ್ಧೆ ಮೊದಲು ಪ್ರಸಾರವಾದದ್ದು 2000ನೇ ಇಸವಿಯ ಮೇ 31ರಂದು. ಮಲೇಷ್ಯಾದ ಸಬಾ ಪ್ರಾಂತ್ಯದ ಬಳಿಯ ಪುಲಾವ್ ತಿಗಾ ಎಂಬ ದ್ವೀಪದಲ್ಲಿ 16 ಮಂದಿಯನ್ನು ಬಿಟ್ಟು, ಎಂಟೆಂಟು ಜನರ ಎರಡು ತಂಡಗಳನ್ನಾಗಿ ಮಾಡಿದರು. ಒಂದು ತಾಗಿ, ಇನ್ನೊಂದು ಪಗಾಂಗ್. ಸೋತ ತಂಡದವರು ತಮ್ಮಲ್ಲೇ ಗುಪ್ತಮತ ಹಾಕಿ ಒಬ್ಬರನ್ನು ಹೊರಗೆ ಕಳುಹಿಸಬೇಕು. 39 ದಿನ ಉಳಿದು ಗೆದ್ದವರಿಗೆ ಹತ್ತು ಲಕ್ಷ ಡಾಲರ್. ಇಷ್ಟಾಗಿದ್ದರೆ ಇದೊಂದು ಕಷ್ಟಸಹಿಷ್ಣುತೆಯ ಪಂದ್ಯ ಮಾತ್ರ ಆಗಿರುತ್ತಿತ್ತು. ಆದರೆ ಕೊನೆಯಲ್ಲೊಂದು ನಿಯಮವಿತ್ತು. ಇಬ್ಬರೇ ಉಳಿದಾಗ ಯಾರು ಗೆಲ್ಲಬೇಕೆಂದು ತೀರ್ಮಾನಿಸುವವರು ಅದಕ್ಕೆ ಮುಂಚೆ ಹೊರಬಿದ್ದ ಏಳು ಮಂದಿ. ಅಂದರೆ ನೀವು ಯಾರನ್ನು ಬಾಗಿಲಾಚೆ ನೂಕಿದಿರೋ, ಅವರ ಮುಂದೆಯೇ ಕೈಕಟ್ಟಿ ನಿಂತು ಮತ ಕೇಳಬೇಕು. ಈ ಒಂದು ನಿಯಮವೇ ಇಡೀ ಆಟದ ಉಪ್ಪು.

ನಮ್ಮಲ್ಲಿ 2013ರಲ್ಲಿ ಆರಂಭವಾದ ಕನ್ನಡದ 'ಬಿಗ್ ಬಾಸ್' ಇದಕ್ಕಿಂತ ಭಿನ್ನ. ಅಲ್ಲಿ ಮನೆಯೊಳಗಿನವರು ಹೆಸರು ಸೂಚಿಸಿದರೂ ಉಳಿಸುವುದು ಬಹುತೇಕ ವೀಕ್ಷಕರ ಮತ. ಹಾಗಾಗಿ ಅಲ್ಲಿ ಆಟಗಾರನ ಒಂದು ಕಣ್ಣು ಯಾವಾಗಲೂ ಕ್ಯಾಮೆರಾದ ಮೇಲೆ. ದ್ವೀಪದಲ್ಲಿ ಹಾಗಲ್ಲ, ಎದುರಿಗಿರುವವನ ಮನಸ್ಸೇ ಮತಪೆಟ್ಟಿಗೆ.

ಈಗ ಕಥೆಗೆ ಬರೋಣ. ತಾಗಿ ತಂಡದಲ್ಲಿ ರಿಚರ್ಡ್ ಹ್ಯಾಚ್ ಎಂಬಾತನಿದ್ದ. ಸಂಸ್ಥೆಗಳ ನೌಕರರಿಗೆ ತರಬೇತಿ ಕೊಡುವ ಕೆಲಸ ಅವನದು. ಎಲ್ಲರಿಗಿಂತ ಮೊದಲೇ ಅವನಿಗೆ ಹೊಳೆದದ್ದು ಒಂದು ಸರಳ ಗಣಿತ: ಒಬ್ಬೊಬ್ಬರೂ ತಮಗೆ ತೋಚಿದಂತೆ ಮತ ಹಾಕುವ ಕಡೆ, ಮೊದಲೇ ಮಾತಾಡಿಕೊಂಡ ನಾಲ್ವರು ಸಾಕು. ಅವನ ಜೊತೆ ಸೇರಿದವರು ಲಾರಿ ಓಡಿಸುತ್ತಿದ್ದ ಸೂ ಹಾಕ್, ನದಿಯಲ್ಲಿ ದೋಣಿ ನಡೆಸುವ ಯುವತಿ ಕೆಲ್ಲಿ ವಿಗಲ್ಸ್‌ವರ್ತ್ ಮತ್ತು ನೌಕಾಪಡೆಯಿಂದ ನಿವೃತ್ತನಾದ 72ರ ರೂಡಿ ಬೋಷ್. ರಿಚರ್ಡ್ ಮತ್ತು ರೂಡಿ ಸ್ವಭಾವದಲ್ಲಿ ಉತ್ತರ ಧ್ರುವ, ದಕ್ಷಿಣ ಧ್ರುವ. ಆದರೂ ಕೊನೆಯವರೆಗೆ ಅಲುಗದೆ ಉಳಿದದ್ದು ಅವರಿಬ್ಬರ ಒಪ್ಪಂದ ಮಾತ್ರ!

ಪಗಾಂಗ್ ತಂಡದವರಿಗೆ ಇಂಥ ಒಳಕೂಟ ಹಿಡಿಸಲಿಲ್ಲ. ಯಾರು ಕೆಲಸ ಮಾಡುವುದಿಲ್ಲವೋ, ಯಾರು ಹೊಂದಿಕೊಳ್ಳುವುದಿಲ್ಲವೋ ಅವರು ಹೋಗಲಿ ಎಂಬುದು ಅವರ ನ್ಯಾಯ. ಕೇಳಲು ಎಷ್ಟು ಚೆನ್ನ! ಐದೈದು ಮಂದಿ ಉಳಿದಾಗ ತಂಡಗಳು ಒಂದಾದವು. ಮೊದಲ ಮತದಾನದಲ್ಲಿ ತಾಗಿಯ ಆ ನಾಲ್ವರೂ ಗ್ರೆಚೆನ್ ಕಾರ್ಡಿ ಎಂಬಾಕೆಯ ಹೆಸರು ಬರೆದರು. ಉಳಿದ ಆರು ಮತಗಳು ದಿಕ್ಕಿಗೊಂದಾಗಿ ಚೆದುರಿದವು. ಕಾಡಿನಲ್ಲಿ ಬದುಕುಳಿಯುವ ವಿದ್ಯೆಯನ್ನು ಸೇನೆಯವರಿಗೇ ಕಲಿಸಿದ್ದ ಆಕೆ, ಹತ್ತರಲ್ಲಿ ನಾಲ್ಕೇ ಮತಕ್ಕೆ ಗಂಟುಮೂಟೆ ಕಟ್ಟಬೇಕಾಯಿತು.

ತಾಗಿಯ ಐದನೆಯವನಾದ ಶಾನ್ ಕೆನಿಫ್ ಒಬ್ಬ ವೈದ್ಯ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಅವನು ಅಕ್ಷರಮಾಲೆಯ ಕ್ರಮದಲ್ಲಿ ಮತ ಹಾಕತೊಡಗಿದ. ಇದರಲ್ಲಿ ಯಾರ ಮೇಲೂ ಹಗೆಯಿಲ್ಲವಲ್ಲ ಎಂಬುದು ಅವನ ಸಮಾಧಾನ. ಆದರೆ ಮುಂದಿನ ಸರದಿ ಯಾರದೆಂದು ತಿಳಿದ ನಾಲ್ವರು ಅವನ ಮತವನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ನಾವು ಹೆಚ್ಚು ಯೋಚಿಸಬೇಕಾದ ವ್ಯಕ್ತಿ ಈ ವೈದ್ಯನೇ. ತೀರ್ಮಾನದ ಭಾರ ಬೇಡವೆಂದು ಕಣ್ಣು ಮುಚ್ಚಿಕೊಂಡವನ ಕೈಯನ್ನು ಇನ್ನೊಬ್ಬ ಹಿಡಿದು ಬರೆಸುತ್ತಾನೆ. ಊರಿನ ಸಂಘ, ಸಮಿತಿಗಳಲ್ಲಿ ಕುಳಿತು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಆಟಗಾರರು ಆಗಾಗ ಒಂಟಿಯಾಗಿ ಕ್ಯಾಮೆರಾದ ಮುಂದೆ ಕುಳಿತು ಮನಸ್ಸಿನ ಲೆಕ್ಕಾಚಾರ ಹೇಳುತ್ತಾರೆ. ಅದಕ್ಕೆ ಟಿ.ವಿ.ಯವರು ಇಟ್ಟ ಹೆಸರು 'ಕನ್ಫೆಷನಲ್'. ಬಿಗ್ ಬಾಸ್ ಮನೆಯಲ್ಲೂ ಕನ್ಫೆಷನ್ ರೂಮ್ ಇದೆಯಷ್ಟೆ. ಪಾಪನಿವೇದನೆಯ ಪೀಠವನ್ನು ಬಲ್ಲ ನಮಗೆ ಈ ಹೆಸರು ಸ್ವಲ್ಪ ವಿಚಿತ್ರವೆನಿಸುತ್ತದೆ. ಅಲ್ಲಿ ಹೇಳಿದ್ದು ಗುರುಗಳ ಕಿವಿಯಾಚೆ ಹೋಗುವುದಿಲ್ಲ. ಇಲ್ಲಿ ಹೇಳಿದ್ದು ಲೋಕಕ್ಕೆಲ್ಲ ಗೊತ್ತಾಗುತ್ತದೆ, ಅನ್ಯಾಯವಾದವನಿಗೆ ಮಾತ್ರ ಆ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ.

ಪಗಾಂಗ್‌ನವರು ಒಬ್ಬೊಬ್ಬರಾಗಿ ಹೋದ ಮೇಲೆ ಕೂಟದೊಳಗೇ ಬಿರುಕು ಬಿಟ್ಟಿತು. ಹೊರಗಿನವರು ಇರುವವರೆಗೆ ಒಳಗಿನವರು ಒಂದು, ಅದು ಮುಗಿದ ಮೇಲೆ ಯಾರನ್ನು ಕಳುಹಿಸುವುದು? ನಾಲ್ವರೇ ಉಳಿದ ರಾತ್ರಿ ರಿಚರ್ಡ್ ಮತ್ತು ಸೂ ಇಬ್ಬರಿಗೂ ಎರಡೆರಡು ಮತ ಬಂದು ಸಮವಾಯಿತು. ಮರುಮತದಾನದಲ್ಲಿ ಕೆಲ್ಲಿ ಮನಸ್ಸು ಬದಲಿಸಿ ತನ್ನ ಆಪ್ತ ಗೆಳತಿ ಸೂ ವಿರುದ್ಧವೇ ಮತ ಹಾಕಿದಳು. ಕೂಟದಲ್ಲಿದ್ದೂ ಮೊದಲಿನಿಂದ ಅವಳಿಗೆ ಒಳಗೊಳಗೇ ಅಳುಕಿತ್ತು. ಅತ್ತ ಪೂರ್ತಿ ಬಿಡಲೂ ಇಲ್ಲ, ಇತ್ತ ಪೂರ್ತಿ ನಿಲ್ಲಲೂ ಇಲ್ಲ.

ಮರುದಿನದ ಸ್ಪರ್ಧೆ ಮೂವರಿಗೆ. ಒಂದು ಕಂಬದ ಮೇಲಿನ ವಿಗ್ರಹದಿಂದ ಕೈ ತೆಗೆಯದೆ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಗೆದ್ದವರಿಗೆ ಅಭಯ, ಜೊತೆಗೆ ಎದುರಾಳಿಯನ್ನು ಆರಿಸುವ ಹಕ್ಕು. ರಿಚರ್ಡ್ ಬೇಕೆಂದೇ ಕೈ ತೆಗೆದು ಇಳಿದುಬಿಟ್ಟ! ಏಕೆ? ತಾನು ಗೆದ್ದು ರೂಡಿಯನ್ನು ಉಳಿಸಿಕೊಂಡರೆ, ಎಲ್ಲರೂ ಮೆಚ್ಚಿದ ಆ ಮುದುಕನೆದುರು ಸೋಲು ಖಚಿತ. ರೂಡಿಯನ್ನು ಕಳುಹಿಸಿದರೆ ಮಾತು ಮುರಿದಂತೆ, ಅವನ ಮತವೂ ಹೋದಂತೆ. ಇಳಿದುಬಿಟ್ಟರೆ ಆ ಕೆಲಸ ಕೆಲ್ಲಿಯ ಪಾಲಿಗೆ. ಹಾಗೆಯೇ ಆಯಿತು. ಕೆಲ್ಲಿ ಗೆದ್ದಳು, ರೂಡಿಯನ್ನು ಕಳುಹಿಸಿದಳು. ರಿಚರ್ಡ್ ಮಾತು ಮುರಿಯಲಿಲ್ಲ ನಿಜ. ಆದರೆ ಅದನ್ನು ಉಳಿಸಿಕೊಂಡ ಎನ್ನಲು ನಿಮಗೆ ಮನಸ್ಸು ಬರುತ್ತದೆಯೇ? ಮಾತಿನ ಅಕ್ಷರ ಉಳಿಯಿತು, ಅದರೊಳಗಿದ್ದ ಗೆಳೆಯನನ್ನು ಗಾಳಿಗೆ ಬಿಟ್ಟದ್ದಾಯಿತು.

2000ದ ಆಗಸ್ಟ್ 23ರಂದು ಈ ಕೊನೆಯ ಕಂತನ್ನು ಅಮೆರಿಕದಲ್ಲಿ ಐದು ಕೋಟಿಗೂ ಹೆಚ್ಚು ಜನ ನೋಡಿದರು. ತೀರ್ಪುಗಾರರ ಸಾಲಿನಿಂದ ಎದ್ದ ಸೂ ಆಡಿದ ಮಾತುಗಳು ಕಠೋರ. ಈ ದ್ವೀಪದಲ್ಲಿರುವುದು ಹಾವು ಮತ್ತು ಇಲಿ. ರಿಚರ್ಡ್ ಹಾವು, ಕೆಲ್ಲಿ ಇಲಿ. ಹಾವು ಇಲಿಯನ್ನು ತಿನ್ನಲಿ ಎಂದಳು. ಮುಂದೆಂದಾದರೂ ಕೆಲ್ಲಿ ದಾಹದಿಂದ ಸಾಯುತ್ತಿದ್ದರೂ ನೀರು ಕೊಡುವುದಿಲ್ಲವೆಂದೂ ಹೇಳಿದಳು. ಗ್ರೆಗ್ ಎಂಬ ಯುವಕ ಒಂದರಿಂದ ಹತ್ತರೊಳಗೆ ಒಂದು ಅಂಕಿ ಹೇಳಿ ಎಂದಷ್ಟೇ ಕೇಳಿದ. ಹತ್ತು ಲಕ್ಷ ಡಾಲರ್‌ಗೆ ಇದೂ ಒಂದು ನ್ಯಾಯವೇ! ಕೊನೆಗೆ ನಾಲ್ಕು ಮತ ರಿಚರ್ಡ್‌ಗೆ, ಮೂರು ಕೆಲ್ಲಿಗೆ. ರಿಚರ್ಡ್‌ಗೆ ಮತವಿತ್ತವರಲ್ಲಿ ಸೂ ಇದ್ದಳು, ಗ್ರೆಗ್ ಇದ್ದ, ರೂಡಿಯೂ ಇದ್ದ. ಮೊದಲಿನಿಂದಲೂ ಹಾವಿನಂತೆ ಕಂಡವನನ್ನು ಸೂ ಕ್ಷಮಿಸಿದಳು, ಗೆಳತಿಯನ್ನು ಕ್ಷಮಿಸಲಾಗಲಿಲ್ಲ. ಹತ್ತಿರದವರು ಕೊಟ್ಟ ಪೆಟ್ಟಿನ ಉರಿಯೇ ಬೇರೆ. ಆ ಹಣಕ್ಕೆ ತೆರಿಗೆ ಕಟ್ಟದೆ 2006ರಲ್ಲಿ ರಿಚರ್ಡ್‌ಗೆ ಜೈಲುಶಿಕ್ಷೆಯಾಯಿತು. ಅದು ಬೇರೆಯೇ ಅಧ್ಯಾಯ, ಆಟದ ತೀರ್ಪಿಗೆ ಅದನ್ನು ಅಂಟಿಸುವುದು ಬೇಡ.

ಮರುವರ್ಷ, 2001ರಲ್ಲಿ, ಆಸ್ಟ್ರೇಲಿಯಾದಲ್ಲಿ ನಡೆದ ಎರಡನೇ ಸರಣಿಯಲ್ಲಿ ಕಾಲ್ಬಿ ಡೊನಾಲ್ಡ್‌ಸನ್ ಎಂಬ ಯುವಕ ಕೊನೆಯ ಪಂದ್ಯ ಗೆದ್ದ. ಅಷ್ಟೇನೂ ಮೆಚ್ಚುಗೆ ಗಳಿಸದ ಕೀತ್ ಫಾಮಿಯನ್ನು ಎದುರು ಕೂರಿಸಿಕೊಂಡಿದ್ದರೆ ಬಹುಮಾನ ಕೈಗೆ ಬಂದಂತೆಯೇ ಇತ್ತು. ಅವನು ಜೊತೆಗಾತಿ ಟೀನಾ ವೆಸ್ಸನ್‌ಳನ್ನು ಆರಿಸಿ, 4–3ರಲ್ಲಿ ಸೋತ. ದಡ್ಡ ಎಂದು ನಕ್ಕವರು ಬಹಳ. ನಿಮ್ಮ ಮನೆಯಲ್ಲಿ ಇದನ್ನು ಹೇಳಿ ನೋಡಿ, ಯಾರು ನಗುತ್ತಾರೆ, ಯಾರು ಸುಮ್ಮನಾಗುತ್ತಾರೆ ಎಂಬುದೇ ಒಂದು ಪಾಠ.

ತಂದೆತಾಯಿಗಳಿಗೆ ನನ್ನದೊಂದು ಸಲಹೆ. ಇಂಥ ಕಾರ್ಯಕ್ರಮವನ್ನು ಕಟ್ಟುನಿಟ್ಟಾಗಿ ಆರಿಸಿಬಿಡುವ ಬದಲು ಮಕ್ಕಳ ಜೊತೆ ಕುಳಿತು ಒಂದು ಕಾಗದದಲ್ಲಿ ಬರೆಯಿರಿ: ಯಾರು, ಯಾರಿಗೆ, ಏನು ಮಾತು ಕೊಟ್ಟರು? ಅದು ಆಟದೊಳಗಿನ ಮಾತೇ, ಆಟಕ್ಕೆ ಮುಂಚಿನ ಗೆಳೆತನದ ಮಾತೇ? ಮೂರು ದಿನದ ಬಾಳನ್ನು ಒಂದು ಗಂಟೆಗೆ ಕತ್ತರಿಸಿ ತೋರಿಸುತ್ತಾರೆ ಎಂಬುದನ್ನೂ ಅಂಚಿನಲ್ಲಿ ಗುರುತು ಹಾಕಿ.

ಬರೆಯಲು ಮೊದಲ ಲೆಕ್ಕವಾಗಿ 2004ರ ಸರಣಿಯನ್ನು ತೆಗೆದುಕೊಳ್ಳಿ. ರಾಬ್ ಮರಿಯಾನೊ ಮತ್ತು ಲೆಕ್ಸ್ ವಾನ್ ಡೆನ್ ಬರ್ಗ್ ಆಟದ ಹೊರಗೂ ಸ್ನೇಹಿತರು. ತಾನು ಪ್ರೀತಿಸಿದ ಆ್ಯಂಬರ್ ಲೆಕ್ಸ್‌ನ ತಂಡದಲ್ಲಿ ಒಂಟಿಯಾದಾಗ, ಅವಳನ್ನು ಕಾಪಾಡು, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ರಾಬ್ ಕೇಳಿಕೊಂಡ. ಲೆಕ್ಸ್ ಕಾಪಾಡಿದ. ತಂಡಗಳು ಒಂದಾದ ಮೇಲೆ ರಾಬ್‌ನ ಕೂಟ ಮೊದಲು ಕಳುಹಿಸಿದ್ದು ಲೆಕ್ಸ್‌ನನ್ನೇ. ಕೊನೆಗೆ ರಾಬ್ ಮತ್ತು ಆ್ಯಂಬರ್ ಇಬ್ಬರೇ ಉಳಿದರು. ಗೆದ್ದದ್ದು ಆ್ಯಂಬರ್, ಮರುವರ್ಷ ಅವರ ಮದುವೆಯೂ ಆಯಿತು. ರಾಬ್ ಕೊಟ್ಟ ಆ ಮಾತನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ನಿಮ್ಮ ಮಕ್ಕಳನ್ನೇ ಕೇಳಿ.