ಜೋಡಿಯಾಗಿ ಕತೆ ಬರೆಯಹೊರಟವರಿಗೆ

ಮಳೆ ಹಿಡಿದರೆ ಶಿರಸಿ ಹತ್ತಿರದ ಸೋಂದಾ ಸುತ್ತಮುತ್ತ ಬರೆಯುವ ಹುಕಿ ಹಲವರಿಗೆ. ಒಬ್ಬರಿಂದ ಆಗದು, ಜೊತೆಗೊಬ್ಬರು ಬೇಕು ಅನ್ನುವವರು ಕಾಗದ ಹಾಳು ಮಾಡುವ ಮೊದಲು ಇದಿಷ್ಟು ಕೇಳಿ.

• ಜೊತೆಗಾರರನ್ನು ಹುಡುಕಲು ತಾಳಮದ್ದಳೆಗೆ ಹೋಗಿ ಕೂರಿ. ಅಲ್ಲಿ ಬರೆದಿಟ್ಟ ಮಾತಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿ ನಿಂತ ಕಾಲಲ್ಲೇ ಮಾತು ಕಟ್ಟಬೇಕು. ಎದುರಿನವರನ್ನು ಪೂರ್ತಿ ಕೇಳಿ, ಅವರ ಮಾತಿನಿಂದಲೇ ಎಳೆ ತೆಗೆದು ಉತ್ತರ ಕೊಡುವವರು ಯಾರು, ಗಮನಿಸಿ. ಹೆಸರಾಂತ ಅರ್ಥಧಾರಿಗಳಾದ ಶೇಣಿ, ಸಾಮಗರು ಎದುರುಬದುರು ಕೂತು ಎಷ್ಟು ಕಾದಾಡಿದರೂ ಪ್ರಸಂಗ ಮುಂದೆ ಹೋಗುತ್ತಿತ್ತು. ತಮ್ಮ ಮಾತೇ ಮುಗಿಸದವರು ಎಷ್ಟೇ ಜಾಣರಿರಲಿ, ನಮಸ್ಕಾರ ಹೇಳಿ ಬನ್ನಿ.

• ಆಪ್ತರು ಅನ್ನುವ ಒಂದೇ ಕಾರಣಕ್ಕೆ ಜೋಡಿ ಮಾಡಿಕೊಳ್ಳಬೇಡಿ. 'ಈ ಪುಟ ಸಪ್ಪೆ' ಅನ್ನಲು ಅವರಿಗೆ ದಾಕ್ಷಿಣ್ಯ.

• ನಿಮಗೆ ಬಾರದ್ದು ಬರುವವರನ್ನು ಆರಿಸಿ. ಎಲ್ಲರಿ ಕ್ವೀನ್ ಹೆಸರಿನ ಪತ್ತೇದಾರಿ ಕತೆಗಳ ಹಿಂದೆ ಇದ್ದವರು ಅಮೆರಿಕದ ಇಬ್ಬರು ಸೋದರಸಂಬಂಧಿಗಳು. ಒಬ್ಬರು ಕತೆಯ ಹಂದರ ಹಾಕಿದರೆ ಇನ್ನೊಬ್ಬರು ಬರೆಯುತ್ತಿದ್ದರು. ಜಗಳವೂ ಆಡುತ್ತಿದ್ದರಂತೆ, ಅದಿರಲಿ.

• ಮೊದಲಿಗೇ ಕಾದಂಬರಿಗೆ ಕೈಹಾಕಬೇಡಿ. ನಾಲ್ಕು ಪುಟದ ಕತೆ ಬರೆದು ನೋಡಿ, ಹೊಂದದಿದ್ದರೆ ಹೋಗುವುದು ನಾಲ್ಕೇ ಪುಟ.

• ಅಡಿಕೆಯ ಕೊನೆಕೊಯ್ಲಿನಲ್ಲಿ ಶುರು ಮಾಡಬೇಡಿ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತ ಕತೆ ಹೇಳಬಹುದು, ಬರೆಯಲಾಗದು. ಮಳೆಗಾಲವೇ ಸರಿ. ಹಾಗಂತ ಹೊಳೆಯಲ್ಲಿರುವ ಸಹಸ್ರಲಿಂಗದ ಬಂಡೆ ಮೇಲೆ ಕೂತು ಬರೆಯುವ ಹುಮ್ಮಸ್ಸು ಬೇಡ, ಆಗ ಶಾಲ್ಮಲಾ ಲಿಂಗಗಳನ್ನೇ ಮುಳುಗಿಸಿರುತ್ತಾಳೆ. ಕರೆಂಟೂ ಇರುವುದಿಲ್ಲ, ಮೊಬೈಲ್ ನಂಬದೆ ಕಾಗದದ ಮೇಲೆ ಒಂದು ಪ್ರತಿ ಇಡಿ.

• ಸರದಿಯಲ್ಲಿ ಅಧ್ಯಾಯ ಬರೆಯುವುದು ಹೊಸತೇನಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ ಹಲವು ಲೇಖಕರಿಂದ ಬರೆಸಿದ ಕಾದಂಬರಿಯ ಹೆಸರೇ 'ಖೋ'. ನೀವೂ ಖೋ ಕೊಡಿ, ಆದರೆ ಪಾತ್ರಗಳ ಹೆಸರು, ವಯಸ್ಸು, ನೆಂಟಸ್ತಿಕೆಯನ್ನು ಮಕ್ಕಳ ಹಳೇ ನೋಟುಪುಸ್ತಕದಲ್ಲಿ ಬರೆದಿಟ್ಟು ಆಮೇಲೆ ಕೊಡಿ. ಇಲ್ಲದಿದ್ದರೆ ಮೂರನೇ ಅಧ್ಯಾಯದಲ್ಲಿ ತೀರಿಕೊಂಡ ಅಜ್ಜ ಏಳರಲ್ಲಿ ಕವಳ ಹಾಕುತ್ತ ಜಗಲಿಯಲ್ಲಿ ಕೂತಿರುತ್ತಾನೆ.

• ಕತೆ ಎಲ್ಲಿಗೆ ಹೊರಟಿದೆ ಅನ್ನುವುದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. 1963ರಲ್ಲಿ ತ್ರಿವೇಣಿ ತೀರಿಕೊಂಡಾಗ ಮುಗಿಯದೆ ಉಳಿದ 'ಅವಳ ಮಗಳು' ಕಾದಂಬರಿಯನ್ನು ಎಂ.ಸಿ. ಪದ್ಮಾ ಮುಗಿಸಿದರು. ಇನ್ನೊಬ್ಬರು ಬಿಟ್ಟ ಕತೆ ಎತ್ತಿಕೊಳ್ಳುವುದು ಸಣ್ಣ ಕಷ್ಟವಲ್ಲ. ನಿಮ್ಮ ಜೊತೆಗಾರರು ವರ್ಗವಾಗಿ ಹೋದರೂ ಸಾಕು, ಆ ಪುಸ್ತಕ ಬೇಕಾಗುತ್ತದೆ.

• ಜೊತೆಗಾರರ ಪುಟ ತಿದ್ದುವಾಗ ಪೆನ್ಸಿಲ್ ಹಿಡಿಯಿರಿ. ಮೊದಲಿನ ಸಾಲೇ ಚೆನ್ನಾಗಿತ್ತು ಅನ್ನಿಸುವುದು ಎಷ್ಟು ಸಲ!

• ಯಾರ ಹೆಸರು ಮೊದಲು, ಗೌರವಧನ ಹೇಗೆ ಪಾಲು, ಇದನ್ನು ಬರೆದು ಇಬ್ಬರೂ ಸಹಿ ಹಾಕಿ. ನಾಚಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಜಂಟಿ ಕೃತಿಯ ಹಕ್ಕು, ಇಬ್ಬರಲ್ಲಿ ಕೊನೆಗೆ ಹೋದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಮೊಮ್ಮಕ್ಕಳು ನಿಮ್ಮ ಮರೆವಿಗಾಗಿ ಯಾಕೆ ಜಗಳ ಆಡಬೇಕು?

• ಯಾವಾಗಲೂ ಒಬ್ಬರ ಮನೆಯಲ್ಲೇ ಸೇರಬೇಡಿ. ನಿಮ್ಮ ನಾಯಕಿಯ ಕಷ್ಟ ಬರೆಯುವಷ್ಟರಲ್ಲಿ ಆ ಮನೆಯಾಕೆ ಚಾ, ಆಸರಿ ಕೊಟ್ಟೂ ಕೊಟ್ಟೂ ಸೋತಿರುತ್ತಾಳೆ. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಕೂರಿ. ಹೋಗುವಾಗ ಶಿರಸಿ ಪೇಟೆಯಿಂದ ಚಾಪುಡಿ ಒಯ್ಯಿರಿ, ಲೋಟ ನೀವೇ ತೊಳೆದಿಡಿ.